ಫೋನೇ ಹಾಡು ಕಟ್ಟುವಾಗ ಸಂಗೀತದ ಪೀರಿಯಡ್ ಯಾಕೆ?

ಪ್ರಶ್ನೆ: ನನ್ನ ಮಗಳು ಒಂಬತ್ತನೇ ತರಗತಿಯಲ್ಲಿದ್ದಾಳೆ. ಚಿಕ್ಕಂದಿನಿಂದ ಹಾಡುತ್ತಾಳೆ, ಕೀಬೋರ್ಡ್ ನುಡಿಸುತ್ತಾಳೆ. ಮುಂದೆ ವಿಶ್ವವಿದ್ಯಾಲಯದಲ್ಲಿ ಸಂಗೀತವನ್ನೇ ಓದುತ್ತೇನೆ ಅನ್ನುತ್ತಾಳೆ. ಅವಳ ಶಾಲೆಯಲ್ಲಿ ವಾರಕ್ಕೆ ಎರಡಿದ್ದ ಸಂಗೀತದ ಪೀರಿಯಡ್ ಈಗ ಒಂದಾಗಿದೆ, ಮುಂದಿನ ವರ್ಷ ಅದೂ ಇರುವುದಿಲ್ಲವಂತೆ. ಫೋನಿನಲ್ಲಿ ನಾಲ್ಕು ಸಾಲು ಟೈಪ್ ಮಾಡಿದರೆ ಪೂರ್ತಿ ಹಾಡೇ ತಯಾರಾಗಿ ಬರುತ್ತದೆ. ಇಂಥ ಕಾಲದಲ್ಲಿ ಸಂಗೀತದ ಓದಿಗೆ ಭವಿಷ್ಯ ಇದೆಯೇ? ಶಾಲೆಯವರಿಗೆ ಏನು ಹೇಳಲಿ, ಮಗಳಿಗೆ ಏನು ಹೇಳಲಿ?

ಉತ್ತರ: ಫೋನಿನಿಂದಲೇ ಶುರು ಮಾಡುತ್ತೇನೆ. ಈಗ ಎಲ್ಲರೂ ಮೊದಲು ಕೇಳುವುದು ಅದನ್ನೇ. ಆದರೆ ನಿಮ್ಮ ಪತ್ರ ಓದಿ ನನಗೆ ದಿಗಿಲಾಗಿದ್ದು ಫೋನಿನ ಹಾಡಿನಿಂದಲ್ಲ. ಕೈಬಿಟ್ಟು ಹೋಗುತ್ತಿರುವ ಆ ಪೀರಿಯಡ್‌ನಿಂದ.

ಅಮೆರಿಕದ ಹೆಸರಾಂತ ಬ್ಯಾಂಡ್ ಮಾಸ್ಟರ್ ಜಾನ್ ಫಿಲಿಪ್ ಸೂಸಾ 1906ರಲ್ಲಿ ಗ್ರಾಮಫೋನ್ ಮೇಲೆ ಕೆಂಡ ಕಾರಿ ಒಂದು ಲೇಖನ ಬರೆದರು. ಈ ಪೆಟ್ಟಿಗೆ ಮನೆಮನೆಗೆ ಬಂದರೆ ಮಕ್ಕಳು ವಾದ್ಯ ಮುಟ್ಟುವುದಿಲ್ಲ, ಜೋಗುಳವನ್ನೂ ಮೆಷಿನ್ನೇ ಹಾಡಬೇಕಾಗುತ್ತದೆ ಅನ್ನುವುದು ಅವರ ಭಯ. ಅದೇ ವರ್ಷ ಅಮೆರಿಕದ ಕಾಂಗ್ರೆಸ್ ಮುಂದೆ ಹೋಗಿ, ಮನುಷ್ಯನಿಗೆ ಬಾಲ ಉದುರಿದ ಹಾಗೆ ಧ್ವನಿತಂತುಗಳೂ ಒಂದು ದಿನ ಇಲ್ಲವಾಗುತ್ತವೆ ಎಂಬರ್ಥದ ಮಾತಾಡಿದರು. ನಗಬೇಡಿ. ಅವರು ಹೇಳಿದ್ದರಲ್ಲಿ ಅರ್ಧ ನಿಜವಾಯಿತು. ಸಂಜೆ ಹೊತ್ತು ಮನೆಮಂದಿ ಕೂತು ತಾವೇ ಹಾಡಿಕೊಳ್ಳುವುದು ಕಡಿಮೆಯಾಯಿತು, ಕೇಳುವುದು ಜಾಸ್ತಿಯಾಯಿತು. ಇನ್ನರ್ಧ ಅವರು ಊಹಿಸದ ಕಡೆಗೆ ಹೋಯಿತು. ಒಂದೇ ರೆಕಾರ್ಡನ್ನು ನೂರು ಸಲ ತಿರುಗಿಸಿ, ಸೂಜಿ ಹಿಂದಕ್ಕಿಟ್ಟು, ಮತ್ತೆ ಕೇಳಿ, ಜೊತೆಗೆ ನುಡಿಸಿ ಜಾಜ್ ಕಲಿತ ಹುಡುಗರಿಗೆ ಲೆಕ್ಕವಿಲ್ಲ. 1947ರಲ್ಲಿ ಅಮೆರಿಕದ ಉತ್ತರ ಟೆಕ್ಸಸ್‌ನ ಕಾಲೇಜೊಂದು ಜಾಜ್‌ಗೆ ಮೊದಲ ಪದವಿ ಕೋರ್ಸ್ ಶುರು ಮಾಡಿತು. ಸೂಸಾ ಹೆದರಿದ ಪೆಟ್ಟಿಗೆಯೇ ಎಷ್ಟೋ ಜನಕ್ಕೆ ಮೇಷ್ಟ್ರಾಗಿತ್ತು.

ಹಾಗಂತ ಈಗಿನದೂ ಅದೇ ಕಥೆ, ಏನೂ ಆಗುವುದಿಲ್ಲ ಅಂತ ನಿಮಗೆ ಸಮಾಧಾನ ಹೇಳಲಾರೆ. ಸುನೊ, ಯುಡಿಯೊದಂಥ ಆ್ಯಪ್‌ಗಳು 2023, 2024ರಲ್ಲಿ ಜನರ ಕೈಗೆ ಬಂದವು. 2024ರ ಜೂನ್‌ನಲ್ಲೇ ದೊಡ್ಡ ರೆಕಾರ್ಡ್ ಕಂಪನಿಗಳು, ನಮ್ಮ ಹಾಡುಗಳನ್ನು ನಮ್ಮನ್ನು ಕೇಳದೆ ಮೆಷಿನ್‌ಗೆ ಉಣಿಸಿದ್ದಾರೆ ಅಂತ ಕೋರ್ಟಿಗೆ ಹೋದವು. ಜಾಹೀರಾತಿನ ಹಿಂದಿನ ಸಂಗೀತ, ವಿಡಿಯೊಗಳ ಕೆಳಗೆ ಹರಿಯುವ ಟ್ಯೂನ್, ಇಂಥ ಸಣ್ಣ ಸಣ್ಣ ಕೆಲಸದಿಂದ ಹೊಟ್ಟೆ ಹೊರೆಯುತ್ತಿದ್ದವರಿಗೆ ಪೆಟ್ಟು ಬಿದ್ದೇ ಬೀಳುತ್ತದೆ. ಅದನ್ನು ಮುಚ್ಚಿಡುವ ವಿಶ್ವವಿದ್ಯಾಲಯಕ್ಕೆ ಮಗಳನ್ನು ಕಳಿಸಬೇಡಿ.

ಆದರೆ ಕಲಿಕೆಯ ಮಾತು ಬೇರೆ. ನಾನು ಟೀಚರ್ ಆಗಲು ಬರುವವರಿಗೆ ಪಾಠ ಮಾಡುತ್ತೇನೆ. ಒಮ್ಮೆ ಆ್ಯಪ್‌ನಿಂದ ಒಂದು ಹಾಡು ಮಾಡಿಸಿ, ಇದರಲ್ಲಿ ಏನು ಸರಿಯಿಲ್ಲ ಅಂತ ತರಗತಿಗೆ ಕೇಳಿದೆ. ಹೆಚ್ಚಿನವರಿಗೆ ಚೆನ್ನಾಗಿದೆ ಅನಿಸಿತು. ಗುಂಪಿನಲ್ಲಿ ಹಾಡಿ ಬೆಳೆದ ಇಬ್ಬರು ಮಾತ್ರ ಮುಖ ಕಿವುಚಿದರು. 'ಇವಳು ಉಸಿರೇ ತಗೊಳ್ಳುತ್ತಿಲ್ಲ ಮೇಡಂ' ಅಂದಳು ಒಬ್ಬಳು. ಮತ್ತೆ ಹಾಕಿ ಕೇಳಿದೆವು. ಹೌದು! ನಾಲ್ಕು ಉದ್ದ ಸಾಲು, ನಡುವೆ ಎಲ್ಲೂ ಉಸಿರಿಗೆ ಜಾಗ ಇರಲಿಲ್ಲ. ಮೆಷಿನ್ ಇನ್ನೆರಡು ವರ್ಷದಲ್ಲಿ ಉಸಿರಾಡುವುದನ್ನೂ ಕಲಿಯಬಹುದು ಬಿಡಿ. ನನಗೆ ಬೇಕಾಗಿದ್ದು ಆ ಹುಡುಗಿಯ ಕಿವಿ. ಅವಳಿಗೆ ಅದು ಕೇಳಿಸಿದ್ದು ಅವಳ ಸ್ವಂತ ಎದೆಗೂಡು ಒಮ್ಮೆ ಆ ಕಷ್ಟ ಪಟ್ಟಿತ್ತು ಅನ್ನುವ ಕಾರಣಕ್ಕೆ. ಮುಂದೆ ಎಲ್ಲರ ಕೈಯಲ್ಲೂ ಹಾಡು ಮಾಡುವ ಯಂತ್ರ ಇರುತ್ತದೆ. ಯಾವುದು ಒಳ್ಳೆಯದು, ಯಾವುದು ಜೊಳ್ಳು ಅಂತ ಹೇಳುವ ಕಿವಿ ಯಾರಿಗಿರುತ್ತದೆ? ಚಿಕ್ಕಂದಿನಲ್ಲಿ ಯಾರು ಹಾಡಿದ್ದರೋ ಅವರಿಗೆ. ಅದಕ್ಕೇ ನನಗೆ ಆ ಪೀರಿಯಡ್ ಮುಖ್ಯ.

ಈಗ ಶಾಲೆಯವರ ಹತ್ತಿರ ಏನು ಹೇಳುವುದು ಅನ್ನುವುದಕ್ಕೆ ಬರುತ್ತೇನೆ. ಒಂದು ಮಾತನ್ನು ಮಾತ್ರ ದಯವಿಟ್ಟು ಹೇಳಬೇಡಿ. 'ಸಂಗೀತ ಕಲಿತರೆ ಗಣಿತ ಚೆನ್ನಾಗಿ ಬರುತ್ತದೆ' ಅನ್ನಬೇಡಿ.

ಈ ಚಾಳಿ ಹಳೆಯದು. 1838ರಲ್ಲಿ ಅಮೆರಿಕದ ಬಾಸ್ಟನ್ ನಗರ ತನ್ನ ಸರ್ಕಾರಿ ಶಾಲೆಗಳಲ್ಲಿ ಸಂಗೀತವನ್ನು ಪಾಠದ ವಿಷಯವಾಗಿ ಸೇರಿಸಿತು. ಅದಕ್ಕೂ ಮುಂಚೆ ಲೋವೆಲ್ ಮೇಸನ್ ಅನ್ನುವ ಮೇಷ್ಟ್ರು ಒಂದು ಶಾಲೆಯಲ್ಲಿ ಸಂಬಳವಿಲ್ಲದೆ ಕಲಿಸಿ, ಸಾಮಾನ್ಯ ಮಕ್ಕಳೂ ಹಾಡಬಲ್ಲರು ಅಂತ ತೋರಿಸಿದ್ದರು. ಆದರೆ ವಾದ ಅದೊಂದರ ಮೇಲೇ ನಿಂತಿರಲಿಲ್ಲ. ಸಂಗೀತ ಬುದ್ಧಿಗೆ ಒಳ್ಳೆಯದು, ನಡತೆಗೆ ಒಳ್ಳೆಯದು, ಮೈಗೆ ಒಳ್ಳೆಯದು ಅಂತ ಶಾಲಾ ಸಮಿತಿಯ ವರದಿಯಲ್ಲಿ ಬರೆಯಬೇಕಾಗಿತ್ತು. ಶಾಲೆಯೊಳಗೆ ಕಾಲಿಟ್ಟ ದಿನದಿಂದಲೇ ಸಂಗೀತ ಬೇರೆಯವರ ಸರ್ಟಿಫಿಕೇಟ್ ಹಿಡಿದು ನಿಂತಿದೆ.

ಆ ಸರ್ಟಿಫಿಕೇಟ್‌ಗಳಲ್ಲಿ ತುಂಬ ಹೆಸರಾದದ್ದು 'ಮೊಜಾರ್ಟ್ ಪರಿಣಾಮ'. 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಪುಟದಷ್ಟು ಚಿಕ್ಕ ವರದಿ ಬಂತು. 36 ಕಾಲೇಜು ವಿದ್ಯಾರ್ಥಿಗಳು ಹತ್ತು ನಿಮಿಷ ಮೊಜಾರ್ಟ್ ಕೇಳಿದ ಮೇಲೆ, ಕಾಗದ ಮಡಚಿ ಕತ್ತರಿಸಿದರೆ ಹೇಗೆ ಕಾಣುತ್ತದೆ ಅನ್ನುವ ಥರದ ಪ್ರಶ್ನೆಗಳಲ್ಲಿ ಸ್ವಲ್ಪ ಚುರುಕಾದರು. ಆ ಚುರುಕು ಕಾಲು ಗಂಟೆಯೊಳಗೆ ಇಳಿದುಹೋಯಿತು. ಇಷ್ಟೇ. ಅದರಲ್ಲಿ ಮಗುವೂ ಇಲ್ಲ, ಕಲಿಕೆಯೂ ಇಲ್ಲ, ಗಣಿತವೂ ಇಲ್ಲ. ಆದರೆ 1998ರ ಹೊತ್ತಿಗೆ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್, ಹುಟ್ಟುವ ಪ್ರತಿ ಕೂಸಿಗೂ ಶಾಸ್ತ್ರೀಯ ಸಂಗೀತದ ಸಿಡಿ ಕೊಡಲು ಬಜೆಟ್‌ನಲ್ಲಿ 1,05,000 ಡಾಲರ್ ಕೇಳಿದರು!

ಗಂಭೀರವಾದ ಸಂಶೋಧನೆಯೂ ಆಗಿದೆ. ಮನೋವಿಜ್ಞಾನಿ ಗ್ಲೆನ್ ಶೆಲೆನ್‌ಬರ್ಗ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರು ವರ್ಷದ 144 ಮಕ್ಕಳಿದ್ದರು. ಕೆಲವರಿಗೆ ಕೀಬೋರ್ಡ್, ಕೆಲವರಿಗೆ ಹಾಡು, ಕೆಲವರಿಗೆ ನಾಟಕ, ಉಳಿದವರಿಗೆ ಏನೂ ಇಲ್ಲ. ವರ್ಷದ ಕೊನೆಗೆ ಸಂಗೀತ ಕಲಿತ ಮಕ್ಕಳ ಐಕ್ಯೂ ಉಳಿದವರಿಗಿಂತ ಮೂರಕ್ಕೂ ಕಡಿಮೆ ಅಂಕದಷ್ಟು ಜಾಸ್ತಿ ಏರಿತ್ತು. ನಾಟಕದ ಮಕ್ಕಳು ಜನರ ಜೊತೆ ಬೆರೆಯುವುದರಲ್ಲಿ ಮುಂದಿದ್ದರು. ಆಮೇಲೆ 2020ರಲ್ಲಿ ಸಾಲಾ ಮತ್ತು ಗೋಬೆ ಅನ್ನುವ ಸಂಶೋಧಕರು 54 ಅಧ್ಯಯನಗಳನ್ನು, ಸುಮಾರು ಏಳು ಸಾವಿರ ಮಕ್ಕಳ ಲೆಕ್ಕವನ್ನು, ಒಟ್ಟಿಗಿಟ್ಟು ನೋಡಿದರು. ಅಚ್ಚುಕಟ್ಟಾಗಿ ಮಾಡಿದ ಅಧ್ಯಯನಗಳನ್ನಷ್ಟೇ ತೆಗೆದುಕೊಂಡರೆ ಬುದ್ಧಿಗೂ ಓದಿಗೂ ಆಗುವ ಲಾಭ ಹೆಚ್ಚುಕಡಿಮೆ ಸೊನ್ನೆ ಅಂದರು. ಈ ಚರ್ಚೆ ಮುಗಿದಿಲ್ಲ, ಒಪ್ಪದವರೂ ಇದ್ದಾರೆ. ಆದರೆ ನಿಮ್ಮ ಹೆಡ್‌ಮಾಸ್ಟರ್ ಬುದ್ಧಿವಂತರಾದರೆ ನಿಮ್ಮ ವಾದವನ್ನು ಒಂದೇ ಏಟಿಗೆ ಮುಗಿಸುತ್ತಾರೆ. 'ಗಣಿತಕ್ಕೆ ಒಳ್ಳೆಯದಾಗಬೇಕಾ? ಸರಿ, ಆ ಪೀರಿಯಡ್ ಗಣಿತಕ್ಕೇ ಕೊಡೋಣ.' ಅಲ್ವಾ?

ಹಾಗಾದರೆ ಏನು ಹೇಳುವುದು? ಅದಕ್ಕೆ ಮುಂಚೆ ನನ್ನದೇ ಒಂದು ತಪ್ಪು ಹೇಳಬೇಕು.

ಕೆಲಸಕ್ಕೆ ಸೇರಿದ ಹೊಸತು. ವಾರ್ಷಿಕೋತ್ಸವಕ್ಕೆ ಸಮೂಹಗಾನ ತಯಾರಾಗುತ್ತಿತ್ತು. ಒಬ್ಬ ಹುಡುಗ ಜೋರಾಗಿ ಹಾಡುತ್ತಿದ್ದ, ಆದರೆ ಶ್ರುತಿ ಎಲ್ಲೋ ಇವನು ಎಲ್ಲೋ. ನಾನು ಹತ್ತಿರ ಕರೆದು, 'ನೀನು ಸುಮ್ನೆ ಬಾಯಾಡಿಸು ಸಾಕು' ಅಂದೆ. ಅವನು ಹಾಗೇ ಮಾಡಿದ. ಕಾರ್ಯಕ್ರಮ ಚೆನ್ನಾಯಿತು. ಆ ಹುಡುಗ ಮತ್ತೆ ಸಂಗೀತದ ಕೋಣೆಗೆ ಬರಲಿಲ್ಲ. ಎಷ್ಟೋ ವರ್ಷದ ಮೇಲೆ ನನಗೆ ಗೊತ್ತಾಯಿತು, ಹುಟ್ಟಿನಿಂದಲೇ ಸ್ವರದ ಏರಿಳಿತ ಗೊತ್ತಾಗದವರು ನೂರರಲ್ಲಿ ಒಬ್ಬರೋ ಇಬ್ಬರೋ ಅಂತ. ಇಸಬೆಲ್ ಪೆರೆಟ್ಜ್ ಮತ್ತು ಡಾಮಿನಿಕ್ ವುವನ್ ಅನ್ನುವ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಲೆಕ್ಕ ಶೇ 1.5. ನಲವತ್ತು ಮಕ್ಕಳ ತರಗತಿಗೆ ಸರಾಸರಿ ಒಬ್ಬರೂ ಬೀಳುವುದಿಲ್ಲ. ಉಳಿದ 'ಹಾಡಲು ಬಾರದ' ಮಕ್ಕಳೆಲ್ಲ ಕಲಿಸಿದರೆ ಕಲಿಯುವವರೇ.

ಎಷ್ಟೋ ಸಲ ತಪ್ಪು ಮಗುವಿನದಲ್ಲ, ನಾವು ಹಿಡಿದ ಶ್ರುತಿಯದು. ದೊಡ್ಡವರು ತಮಗೆ ಹಿತವಾದ ತಗ್ಗು ದನಿಯಲ್ಲಿ ಎತ್ತಿಕೊಡುತ್ತಾರೆ, ಮಗುವಿನ ಗಂಟಲು ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ಗಂಡಸು ಮೇಷ್ಟ್ರು ಒಂದು ಸ್ಥಾಯಿ ಕೆಳಗೆ ಹಾಡಿದಾಗ ಯಾವ ಸ್ವರ ಹಿಡಿಯಬೇಕು ಅಂತಲೇ ಚಿಕ್ಕ ಮಕ್ಕಳಿಗೆ ಗೊಂದಲವಾಗುತ್ತದೆ. ಸ್ವಲ್ಪ ಮೇಲಿನ ಶ್ರುತಿ ಹಿಡಿದು, ಮಗುವೇ ಮೊದಲು ಒಂದು ಸ್ವರ ಹಾಡಲಿ, ನಾವು ಅದಕ್ಕೆ ಸೇರಿಕೊಳ್ಳೋಣ ಅಂದರೆ ಅರ್ಧ ಸಮಸ್ಯೆ ಅಲ್ಲೇ ಕರಗುತ್ತದೆ. ಆ ಹುಡುಗನಿಗೆ ನಾನು ಅಷ್ಟೇ ಮಾಡಬೇಕಾಗಿತ್ತು.

ಇದನ್ನು ಯಾಕೆ ಹೇಳಿದೆ ಅಂದರೆ, ಶಾಲೆಯ ಪೀರಿಯಡ್ ಇರುವುದೇ ಆ ಹುಡುಗನಿಗಾಗಿ. ನಿಮ್ಮ ಮಗಳಿಗೆ ಮನೆಯಲ್ಲಿ ಕೀಬೋರ್ಡ್ ಇದೆ, ಪತ್ರ ಬರೆಯುವ ಅಪ್ಪ ಅಮ್ಮ ಇದ್ದಾರೆ. ಶಾಲೆ ಬಿಟ್ಟರೂ ಅವಳು ಕಲಿಯುತ್ತಾಳೆ. ಪೀರಿಯಡ್ ಹೋದರೆ ಹೋಗುವುದು ಪಕ್ಕದ ಬೆಂಚಿನ ಮಕ್ಕಳದು. ಶಾಲೆಯವರಿಗೆ ಹೇಳಬೇಕಾದ ಮಾತು ಇದೇ. ಸಂಗೀತ ಹೇಗೂ ಉಳಿಯುತ್ತದೆ, ಆದರೆ ದುಡ್ಡು ಕೊಟ್ಟು ಕಲಿಯುವವರ ಮನೆಯಲ್ಲಿ ಮಾತ್ರ ಉಳಿಯುತ್ತದೆ. ಎಲ್ಲ ಮಕ್ಕಳಿಗೂ ಸಿಗುವ ಒಂದೇ ಜಾಗ ತರಗತಿ.

ಖರ್ಚು ಅಂತಾರೆ. ಕೊರಳಿಗೆ ಎಷ್ಟು ಖರ್ಚು? ಹಂಗೇರಿಯ ಸಂಗೀತ ರಚನೆಕಾರ ಜೊಲ್ತಾನ್ ಕೊಡಾಯ್ ಮಕ್ಕಳಿಗೆ ಸಂಗೀತ ಕಲಿಸುವ ಇಡೀ ಪದ್ಧತಿಯನ್ನೇ ಕೊರಳ ಮೇಲೆ ನಿಲ್ಲಿಸಿದರು. 1950ರಲ್ಲಿ ಅವರ ಹುಟ್ಟೂರು ಕೆಚ್ಕೆಮೇಟ್‌ನಲ್ಲಿ ದಿನವೂ ಹಾಡುವ ಪ್ರಾಥಮಿಕ ಶಾಲೆ ಶುರುವಾಯಿತು. ವಾದ್ಯ ಆಮೇಲೆ, ಮೊದಲು ಹಾಡು. ಮೊದಲು ತಮ್ಮ ನೆಲದ ಜನಪದ ಹಾಡು. ಸ್ವರಕ್ಕೊಂದು ಕೈಸನ್ನೆ. ಆ ಕೈಸನ್ನೆಯನ್ನು ಅವರು ಇಂಗ್ಲೆಂಡಿನ ಜಾನ್ ಕರ್ವೆನ್ ಅವರಿಂದ ಎರವಲು ತಂದಿದ್ದು. ಕರ್ವೆನ್ ತಮ್ಮ ಸ್ವರಪದ್ಧತಿಯನ್ನು ಸಾರಾ ಗ್ಲವರ್ ಅನ್ನುವ ಶಿಕ್ಷಕಿಯಿಂದ ತೆಗೆದುಕೊಂಡಿದ್ದರು. ಇನ್ನೂ ಹಿಂದಕ್ಕೆ ಹೋದರೆ ಹನ್ನೊಂದನೇ ಶತಮಾನದ ಇಟಲಿಯ ಗೀದೊ ಎಂಬ ಸನ್ಯಾಸಿ ಸಿಗುತ್ತಾರೆ. ಹತ್ತು ವರ್ಷ ಹಿಡಿಯುತ್ತಿದ್ದ ಹಾಡುಗಾರಿಕೆಯನ್ನು ಒಂದೆರಡು ವರ್ಷದಲ್ಲಿ ಕಲಿಸಬಲ್ಲೆ ಅಂತ ಅವರು ಹೇಳಿಕೊಂಡಿದ್ದರು. ನಮ್ಮ ಕರ್ನಾಟಕ ಸಂಗೀತದ ಮೊದಲ ಪಾಠವಾದ ಸರಳೆ ವರಸೆಯೂ ಇದೇ ಜಾತಿಯದು. ಒಂದೇ ಸಾಲನ್ನು ಮೂರು ಕಾಲದಲ್ಲಿ ಹಾಡಿಸುವಾಗ ಮಗುವಿಗೆ ಸ್ವರವೂ ಲೆಕ್ಕವೂ ಒಟ್ಟಿಗೆ ಮೈಗೆ ಹತ್ತುತ್ತದೆ. ಇದ್ಯಾವುದಕ್ಕೂ ಕರೆಂಟ್ ಬೇಡ.

ಬೇಕಾಗಿರುವುದು ಕಲಿಸುವವರು. ನಿಜವಾದ ಬಿಕ್ಕಟ್ಟು ಇಲ್ಲಿದೆ. ಇಂಗ್ಲೆಂಡ್ 2022ರಲ್ಲಿ ಹೊಸ ಸಂಗೀತ ಯೋಜನೆ ತಂದು, ಐದರಿಂದ ಹದಿನಾಲ್ಕರ ವಯಸ್ಸಿನ ಮಕ್ಕಳಿಗೆ ವಾರಕ್ಕೆ ಕನಿಷ್ಠ ಒಂದು ಗಂಟೆ ಸಂಗೀತ ಇರಲಿ ಅಂದಿತು. ಒಳ್ಳೆಯ ಮಾತು. ಆದರೆ ಆ ಗಂಟೆಯಲ್ಲಿ ಮಕ್ಕಳ ಮುಂದೆ ನಿಲ್ಲುವವರು ಯಾರು? ಎಷ್ಟೋ ಕಡೆ ಅದು ತರಗತಿಯ ಟೀಚರೇ. ಅವರಿಗೂ ಚಿಕ್ಕಂದಿನಲ್ಲಿ ಯಾರೋ 'ಬಾಯಾಡಿಸು ಸಾಕು' ಅಂದಿರುತ್ತಾರೆ. ಅವರು ಸ್ಪೀಕರ್ ಹಾಕಿ ಕೂರುತ್ತಾರೆ. ಆ ಮಕ್ಕಳಲ್ಲಿ ಕೆಲವರು ಮುಂದೆ ಟೀಚರ್ ಆಗುತ್ತಾರೆ, ಅವರೂ ಸ್ಪೀಕರ್ ಹಾಕುತ್ತಾರೆ. ಈ ಚಕ್ರ ಮುರಿಯುವ ಜಾಗ ವಿಶ್ವವಿದ್ಯಾಲಯ.

ಆದರೆ ಅಲ್ಲಿ ಶಾಲಾ ಟೀಚರ್ ಆಗುತ್ತೇನೆ ಅನ್ನುವವರನ್ನು ಎರಡನೇ ದರ್ಜೆಯವರ ಹಾಗೆ ನೋಡುವ ಅಭ್ಯಾಸ ಇನ್ನೂ ಹೋಗಿಲ್ಲ. ಅದಕ್ಕೆ ಬೇರು ಪ್ಯಾರಿಸ್‌ನಲ್ಲಿದೆ. 1795ರಲ್ಲಿ ಅಲ್ಲಿ ಶುರುವಾದ ಕನ್ಸರ್ವೇಟರಿ, ಅಂದರೆ ಸಂಗೀತದ ಕಾಲೇಜು, ಜಗತ್ತಿಗೆಲ್ಲ ಮಾದರಿಯಾಯಿತು. ಒಂದು ವಾದ್ಯ, ಒಬ್ಬ ಗುರು, ದಿನವಿಡೀ ಅಭ್ಯಾಸ, ಕೊನೆಗೆ ವೇದಿಕೆ. ಒಳ್ಳೆಯ ಪಿಟೀಲು ವಾದಕರು ಹಾಗೇ ತಯಾರಾಗುತ್ತಾರೆ, ಅದರಲ್ಲಿ ಸಂಶಯವಿಲ್ಲ. ಆದರೆ ಹೊರಬಂದವರಲ್ಲಿ ವೇದಿಕೆಯಿಂದಲೇ ಬದುಕುವವರು ಕೆಲವರು ಮಾತ್ರ. ಉಳಿದವರು ಕಲಿಸಬೇಕು, ರೆಕಾರ್ಡ್ ಮಾಡಬೇಕು, ಗೇಮ್‌ಗೆ ಸದ್ದು ಕಟ್ಟಬೇಕು, ಆಸ್ಪತ್ರೆಯಲ್ಲಿ ಮ್ಯೂಸಿಕ್ ಥೆರಪಿ ಮಾಡಬೇಕು. ಇದು ಯಾವುದನ್ನೂ ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. 2014ರಲ್ಲಿ ಅಮೆರಿಕದ ಕಾಲೇಜ್ ಮ್ಯೂಸಿಕ್ ಸೊಸೈಟಿಯ ತಜ್ಞರ ತಂಡವೊಂದು ಪದವಿ ಪಾಠಕ್ರಮವನ್ನು ಬುಡದಿಂದ ಬದಲಿಸಿ ಅಂತ ವರದಿ ಕೊಟ್ಟಿತು. ಬೇರೆಯವರು ಬರೆದದ್ದನ್ನು ನುಡಿಸುವುದಷ್ಟೇ ಅಲ್ಲ, ಸ್ಥಳದಲ್ಲೇ ಕಟ್ಟಿ ನುಡಿಸುವುದು, ಹೊಸತು ಬರೆಯುವುದು, ಬೇರೆ ಸಂಸ್ಕೃತಿಗಳ ಸಂಗೀತ ತಿಳಿಯುವುದು, ಎಲ್ಲವೂ ಬುನಾದಿಯಲ್ಲೇ ಇರಬೇಕು ಅನ್ನುವುದು ಅವರ ವಾದ. ನನಗೆ ಆ ವಾದ ಸರಿ ಅನಿಸುತ್ತದೆ. ಆದರೆ ಒಂದು ಆತಂಕವೂ ಇದೆ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮುಟ್ಟಿ, ಯಾವುದರಲ್ಲೂ ಕೈ ಕುದುರದ ಪದವೀಧರರನ್ನೂ ನಾನು ಕಂಡಿದ್ದೇನೆ.

ನಮ್ಮ ಶಾಸ್ತ್ರೀಯ ಸಂಗೀತ ಈ ದಾರಿಯನ್ನು ಎದುರು ದಿಕ್ಕಿನಿಂದ ನಡೆದು ಬಂದಿದೆ. 1901ರಲ್ಲಿ ವಿಷ್ಣು ದಿಗಂಬರ ಪಲುಸ್ಕರ್ ಲಾಹೋರ್‌ನಲ್ಲಿ ಗಾಂಧರ್ವ ಮಹಾವಿದ್ಯಾಲಯ ಶುರು ಮಾಡಿದರು. 1926ರಲ್ಲಿ ಭಾತ್‌ಖಂಡೆಯವರು ಲಕ್ನೋದಲ್ಲಿ ಕಾಲೇಜು ಕಟ್ಟಿದರು. ಗುರುವಿನ ಮನೆಯ ಬಾಗಿಲು ತಟ್ಟಲು ಆಗದವರಿಗೂ ಸಂಗೀತ ಸಿಕ್ಕಿತು. ಸಿಕ್ಕಿದ್ದು ಸಣ್ಣದಲ್ಲ. ಕಳೆದದ್ದು ಸಮಯ. ಮುಕ್ಕಾಲು ಗಂಟೆಗೆ ಬೆಲ್ ಹೊಡೆಯುವ ಕಡೆ ಆಲಾಪ ಹೇಗೆ ಬೆಳೆಯಬೇಕು? ಅದಕ್ಕೇ ಇವತ್ತಿಗೂ ಕಾಲೇಜಿನಲ್ಲಿ ಪದವಿ, ಹೊರಗೆ ಗುರುವಿನ ಹತ್ತಿರ ವಿದ್ಯೆ ಅಂತ ಎರಡು ಕಡೆ ಓಡುವವರೇ ಜಾಸ್ತಿ. ಮುಂದಿನ ವಿಶ್ವವಿದ್ಯಾಲಯ ಈ ಓಟ ತಪ್ಪಿಸಲು ಬಯಸಿದರೆ ಮೊದಲು ಬೆಲ್ ತೆಗೆಯಬೇಕು.

ಆನ್‌ಲೈನ್ ಪಾಠದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಹತ್ತು ಮೀಟರ್ ದೂರ ನಿಂತ ಇಬ್ಬರ ನಡುವೆ 30 ಮಿಲಿಸೆಕೆಂಡ್ ತಡವಾಗುತ್ತದೆ. ಸರಿಸುಮಾರು ಅಷ್ಟಕ್ಕಿಂತ ಹೆಚ್ಚಾದರೆ ತಾಳ ಎಳೆಯತೊಡಗುತ್ತದೆ. ಮಾಮೂಲಿ ವಿಡಿಯೊ ಕರೆಯಲ್ಲಿ ಆಗುವ ತಡ ಇದರ ಎಷ್ಟೋ ಪಟ್ಟು. ಸ್ಟ್ಯಾನ್‌ಫರ್ಡ್‌ನಲ್ಲಿ ತಯಾರಾದ ಜಾಕ್‌ಟ್ರಿಪ್‌ನಂಥ ತಂತ್ರಾಂಶ ಇದನ್ನು ತುಂಬ ಇಳಿಸಿದೆ, ಆದರೆ ಒಳ್ಳೆಯ ತಂತಿ ಸಂಪರ್ಕ ಬೇಕು, ಊರುಗಳು ತೀರಾ ದೂರ ಇರಬಾರದು. ಇನ್ನೊಂದು ತಮಾಷೆ ನೋಡಿ. ವಿಡಿಯೊ ಆ್ಯಪ್‌ಗಳಿಗೆ ಒಂದೇ ಸಮ ಬರುವ ಸದ್ದು ಅಂದರೆ ಗದ್ದಲ. ಪಾಪ, ತಂಬೂರಿಯನ್ನು ಫ್ಯಾನ್ ಅಂದುಕೊಂಡು ಒರೆಸಿಹಾಕುತ್ತವೆ! ಹೇಳಿಕೊಡುವುದಕ್ಕೆ, ತಿದ್ದುವುದಕ್ಕೆ ಆನ್‌ಲೈನ್ ಆಗುತ್ತದೆ. ಕೂಡಿ ಹಾಡುವುದಕ್ಕೆ ಒಂದೇ ಕೋಣೆ ಬೇಕು. ಶಾಲೆಯಲ್ಲಿ ಆ ಕೋಣೆ ಆಗಲೇ ಇದೆ.

ಈಗ ಮಗಳ ವಿಷಯ. ಕೋರ್ಸ್ ಆರಿಸುವಾಗ ಕಟ್ಟಡ, ಸ್ಟುಡಿಯೊ ನೋಡಿ ಮರುಳಾಗಬೇಡಿ. ವಾರಕ್ಕೆ ಎಷ್ಟು ಹೊತ್ತು ಒಬ್ಬಳಿಗೇ ಪಾಠ ಸಿಗುತ್ತದೆ, ಎಷ್ಟು ಹೊತ್ತು ಗುಂಪಿನಲ್ಲಿ ನುಡಿಸುತ್ತಾಳೆ ಅಂತ ಕೇಳಿ. ಮೂರನೇ ವರ್ಷದ ವಿದ್ಯಾರ್ಥಿಯೊಬ್ಬರಿಗೆ ಹೊಸ ಹಾಡೊಂದನ್ನು ಕೇಳಿಸಿ, ಸ್ವರ ಬರೆಯಲು ಬರುತ್ತದೆಯೇ ನೋಡಿ. ಶಾಲೆಗಳಿಗೆ ಹೋಗಿ ಕಲಿಸುವ ಅಭ್ಯಾಸ ಇದೆಯೇ ಕೇಳಿ. ಎಐ ಬಗ್ಗೆ ಏನು ಕಲಿಸುತ್ತೀರಿ ಅಂದಾಗ ಸಾಫ್ಟ್‌ವೇರ್ ಹೆಸರುಗಳ ಪಟ್ಟಿ ಓದಿದರೆ ಎದ್ದು ಬನ್ನಿ. ಹಕ್ಕುಸ್ವಾಮ್ಯದ ಬಗ್ಗೆ, ಹಾಡಿನ ಹಕ್ಕು ಯಾರದು ಅನ್ನುವುದರ ಬಗ್ಗೆ ಮಾತಾಡಿದರೆ ಕೂತು ಕೇಳಿ.

ಅವಳ ಕಿವಿಯ ಮೇಲೆ ಕಣ್ಣಿರಲಿ. ಮಾತಿಗೆ ಹಾಗೆ ಅಂದೆ, ಆದರೆ ವಿಷಯ ಗಂಭೀರ. ದೊಡ್ಡವರಿಗೆ 80 ಡೆಸಿಬೆಲ್ ಸದ್ದು ವಾರಕ್ಕೆ 40 ಗಂಟೆ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೆಡ್‌ಫೋನ್ ಹಾಕಿ ಅಭ್ಯಾಸ ಮಾಡುವ ಮಕ್ಕಳು ಅದನ್ನು ಸುಲಭವಾಗಿ ದಾಟಬಲ್ಲರು. ಕೈ ನೋವು ಬಂದರೆ ತಡೆದುಕೊಂಡು ನುಡಿಸಬಾರದು. ಬಲಗೈ ಕೆಟ್ಟು ಪಿಯಾನೊ ವಾದಕನಾಗುವ ಆಸೆ ಬಿಟ್ಟ ಜರ್ಮನಿಯ ಸಂಗೀತ ರಚನೆಕಾರ ಶೂಮನ್ ಕಥೆಯನ್ನು ನಾನು ಪ್ರತಿ ಹೊಸ ತಂಡಕ್ಕೂ ಹೇಳುತ್ತೇನೆ.

ಶಾಲೆಗೆ ಬರೆಯುವಾಗ ಪೂರ್ತಿ ಪೀರಿಯಡ್‌ಗೆ ಹಟ ಹಿಡಿಯಬೇಡಿ. ವಾರಕ್ಕೊಮ್ಮೆ 40 ನಿಮಿಷದ ಬದಲು ವಾರದಲ್ಲಿ ನಾಲ್ಕು ದಿನ ಹತ್ತು ಹತ್ತು ನಿಮಿಷ ಕೇಳಿ. ಬೆಳಿಗ್ಗೆ, ಹಾಜರಿ ಆದ ತಕ್ಷಣ. ವೇಳಾಪಟ್ಟಿಗೆ ಅದು ಹಗುರ. ಕೊರಳು, ಕಿವಿಗಳಿಗಂತೂ ಬಿಟ್ಟು ಬಿಟ್ಟು ಮಾಡುವ ಅಭ್ಯಾಸವೇ ಚೆನ್ನಾಗಿ ಹತ್ತುತ್ತದೆ. ಯಾರು ಹಾಡಿಸುತ್ತಾರೆ ಅಂತ ಅವರು ಕೇಳಿದರೆ ನಿಮ್ಮ ಮಗಳ ಹೆಸರು ಹೇಳಿ. ನಾಲ್ಕನೇ ತರಗತಿಯ ಮಕ್ಕಳಿಗೆ ಒಂದು ತಿಂಗಳು ಅವಳೇ ಹಾಡಿಸಲಿ. ಶ್ರುತಿಗೆ ಸಿಗದ ಒಬ್ಬ ಹುಡುಗ ಅಲ್ಲಿ ಇದ್ದೇ ಇರುತ್ತಾನೆ. ಅವನ ಪಕ್ಕ ಕೂತು, ಅವನು ಎತ್ತಿದ ಸ್ವರಕ್ಕೆ ತಾನು ಸೇರಿಕೊಳ್ಳುವ ತಾಳ್ಮೆ ಅವಳಿಗೆ ಇದೆಯಾ ನೋಡಿಕೊಳ್ಳಲಿ. ಆ ತಿಂಗಳು ಮುಗಿದ ಮೇಲೆ ವಿಶ್ವವಿದ್ಯಾಲಯದ ಮಾತು ಆಡೋಣ. ಆಗ ಇನ್ನೊಂದು ಪತ್ರ ಬರೆಯಿರಿ, ಅವಳ ಕೈಯಿಂದಲೇ ಬರೆಸಿದರೆ ಇನ್ನೂ ಸಂತೋಷ.